ಅಪ್ಪ-ಅವ್ವನ್ನ ಪಶುಪತಿನಾಥ, ಮುಕ್ತಿನಾಥಕ್ಕ ಕರಕೊಂಡು ಹೋಗೂದಿದ್ರ ಏನೇನ್ ನೋಡ್ಕೋಬೇಕು?

ಪ್ರಶ್ನೆ: ಸರ್, ನಾವು ಗದಗಿನವ್ರು. ಅಪ್ಪಗ 74, ಅವ್ವಗ 71 ವರ್ಷ. ನೇಪಾಳದ ಪಶುಪತಿನಾಥ, ಮುಕ್ತಿನಾಥ ನೋಡಬೇಕಂತ ಇಬ್ಬರಿಗೂ ಭಾಳ ದಿವಸದ ಆಸೆ. ನಾನು (46), ಮನಿಯಾಕಿ (41), ಮಗಳು (16), ಮಗ (12), ಹಿಂಗ ಒಟ್ಟ ಆರು ಮಂದಿ ಹೋಗ್ಬೇಕಂತ ಮಾಡೀವಿ. ವೀಸಾ ಬ್ಯಾಡ ಅಂತಾರ, ಹಂಗಾರ ಆಧಾರ್ ಕಾರ್ಡ್ ಅಷ್ಟ ಸಾಕಾ? ರೊಕ್ಕ ಹೆಂಗ ಒಯ್ಯೂದು? ಅಪ್ಪಗ ಬಿಪಿ ಐತಿ, ಮುಕ್ತಿನಾಥಕ್ಕ ಹತ್ತಿಸಬಹುದಾ? ದಸರಾ ಸೂಟಿ ಒಳಗ ಹೋದ್ರ ಹೆಂಗ?

ಉತ್ತರ:

ನಾ ಹುಬ್ಬಳ್ಳ್ಯಾಗ ಯಾತ್ರಾ ಟೂರ್ ಹೊಂದಿಸೋ ಕೆಲಸ ಮಾಡಾಂವ, ನಿಮ್ಮಂಗ ಕೇಳೋ ಮಂದಿ ವಾರಕ್ಕ ಒಬ್ಬರರ ಸಿಗತಾರ, ಅದಕ್ಕ ಸ್ವಲ್ಪ ಉದ್ದ ಆದ್ರೂ ಚಿಂತಿಲ್ಲ ಪೂರಾ ಹೇಳಿಬಿಡ್ತೀನಿ. ನಮ್ಮ ಕಡಿ ಮಂದಿ ನೇಪಾಳಕ್ಕ ಹೊಂಡೂದು ಕಾಶಿಗೆ ಹೊಂಟಂಗ. ಹಿಂದಿ ನಡಿತೈತಿ, ಗುಡಿ ಅದಾವ, ನಮ್ಮ ರೊಕ್ಕ ತಗೋತಾರ, ಇನ್ನೇನು ಬೇಕು ಅಂತ. ಖರೇ ಅಂದ್ರ ಅದು ಬ್ಯಾರೆ ದೇಶ ರೀ, ಕಾಗದ ಬ್ಯಾರೆ, ನೋಟು ಬ್ಯಾರೆ, ಫೋನ್ ಬ್ಯಾರೆ, ಮತ್ತ ಆ ಗುಡ್ಡದ ಎತ್ತರ ಅಂತೂ ನಮ್ಮ ಕಪ್ಪತಗುಡ್ಡ ನೋಡಿದವ್ರಿಗೆ ಅಂದಾಜ ಸಿಗಂಗಿಲ್ಲ. ತ್ರಾಸ ಆಗೂದೆಲ್ಲಾ ಅಲ್ಲೇ.

ಮೊದಲ ಕಾಗದದ್ದು, ಯಾಕಂದ್ರ ನಿಮ್ಮ ಮನ್ಯಾಗ ಆರು ಮಂದಿಗೆ ನಾಕು ಥರಾ ನಿಯಮ ಹತ್ತತಾವ. ಭಾರತೀಯರಿಗೆ ನೇಪಾಳಕ್ಕ ವೀಸಾ ಇಲ್ಲ, ಬರೋಬ್ಬರಿ. ಆದ್ರ ವಿಮಾನದಾಗ ಹೋಗೂದಿದ್ರ ದೊಡ್ಡವ್ರಿಗೆ ಪಾಸ್‌ಪೋರ್ಟ್ ಇಲ್ಲಾ ಚುನಾವಣಾ ಆಯೋಗದ ವೋಟರ್ ಕಾರ್ಡ್, ಎರಡರಾಗ ಒಂದು ಇರಾಕ ಬೇಕು. ಆಧಾರ್ ನಡಿಯೂದು 65 ದಾಟಿದವ್ರಿಗೆ ಮತ್ತ 15ಕ್ಕಿಂತ ಸಣ್ಣ ಹುಡುಗ್ರಿಗೆ ಅಷ್ಟ. ಅಂದ್ರ ನಿಮ್ಮ ಅಪ್ಪ, ಅವ್ವ, ಮಗ ಆಧಾರ್ ಮ್ಯಾಲ ಹೋಗಬಹುದು, ನೀವು ಇಬ್ಬರು ಗಂಡ-ಹೆಂಡತಿ ಹೋಗಂಗಿಲ್ಲ. ಹೋದ ವರ್ಷ ಒಂದು ಕುಟುಂಬ ದಿಲ್ಲಿ ವಿಮಾನ ನಿಲ್ದಾಣದ ಕೌಂಟರ್‌ನಾಗ ಹಿಂಗ ಸಿಕ್ಕೊಂಡಿತ್ತು, ವಯಸ್ಸಾದ ತಾಯಿಗೆ ಬೋರ್ಡಿಂಗ್ ಪಾಸ್ ಕೈಯಾಗ ಬಂತು, ಆಕಿನ್ನ ಕರಕೊಂಡು ಹೊಂಟ ಮಗನ್ನ ಬಾಜೂಕ ನಿಲ್ಲಿಸಿದ್ರು, ಅಂವ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಒಂದಾದ ಮ್ಯಾಲ ಒಂದು ತಗದು ಕೌಂಟರ್ ಮ್ಯಾಲ ಇಡಾಕತ್ತಾನ, ಕೌಂಟರಿನ ಹುಡುಗಿ ತಲಿ ಅಲ್ಲಾಡಸಾಕತ್ತಾಳ. ಮೊಬೈಲ್‌ನಾಗ ವೋಟರ್ ಕಾರ್ಡಿನ ಫೋಟೊ ಇತ್ತು, ಒರಿಜಿನಲ್ ಮನ್ಯಾಗ ಬೀರೂದಾಗ. ಕಡೀಕ ಇಬ್ಬರೂ ವಾಪಸ್ ಬಂದ್ರು. ಅದಕ್ಕ ಒರಿಜಿನಲ್ ಕಾರ್ಡ್ ಕೈಯಾಗ ಬೇಕು, ಮತ್ತ ಟಿಕೆಟ್ ಮ್ಯಾಲಿನ ಹೆಸರು ಕಾರ್ಡಿನ ಮ್ಯಾಲಿನ ಹೆಸರು ಒಂದ ಇರಬೇಕು. ನಮ್ಮ ಕಡಿ ಕಾರ್ಡಿನಾಗ ಅಡ್ಡೆಸರು ಒಂದ್ರಾಗ ಇರ್ತೈತಿ, ಇನ್ನೊಂದ್ರಾಗ ಇರಂಗಿಲ್ಲ, ಹಳೇ ವೋಟರ್ ಕಾರ್ಡಿನಾಗ ಅಂತೂ ಸ್ಪೆಲಿಂಗ್ ದೇವರಿಗೇ ಪ್ರೀತಿ, ಈಗ ತಗದು ನೋಡ್ರಿ.

ಮಗಳದ್ದು ಎಲ್ಲಾರೂ ಮರೀತಾರ. 15ರಿಂದ 18ರ ನಡುವಿನ ಹುಡುಗ್ರಿಗೆ ವೋಟರ್ ಕಾರ್ಡ್ ಇರಂಗಿಲ್ಲ, ಆಧಾರ್ ನಡಿಯಂಗಿಲ್ಲ. ಆಕಿಗೆ ಪಾಸ್‌ಪೋರ್ಟ್ ಇಲ್ಲದಿದ್ರ ಕಾಲೇಜ್ ಪ್ರಿನ್ಸಿಪಾಲ್‌ರ ಕಡೆಯಿಂದ ಸರ್ಕಾರ ಹೇಳಿದ ನಮೂನಿ ಒಳಗ ಫೋಟೊ ಹಚ್ಚಿದ ಗುರುತಿನ ಸರ್ಟಿಫಿಕೇಟ್ ತಗೋಬೇಕು. ಆದ್ರ ನಾ ಹೇಳೂದು, ಹುಬ್ಬಳ್ಳ್ಯಾಗ ಪಾಸ್‌ಪೋರ್ಟ್ ಸೇವಾ ಕೇಂದ್ರ ಐತಿ, ಇನ್ನೂ ಟೈಮ್ ಐತಿ, ಮಗಳಿಗೆ ಮತ್ತ ನಿಮಗ ಇಬ್ಬರಿಗೆ ಪಾಸ್‌ಪೋರ್ಟ್ ಮಾಡ್ಸಿಬಿಡ್ರಿ, ಮುಂದ ಎಲ್ಲೆರ ಹೋಗಾಕೂ ಬರ್ತೈತಿ. ಹೋಗೂಮುಂದ ಯಾವ ಕಾಗದ ತೋರಸ್ತೀರೋ ಬರೂಮುಂದನೂ ಅದ ತೋರಸಬೇಕು, ಅದಕ್ಕ ಕಾರ್ಡ್ ಎಲ್ಲಾ ಒಂದ ಪೌಚ್‌ನಾಗ ಹಾಕಿ ಒಬ್ಬರ ಕಡೆ ಇರಲಿ, ಅಪ್ಪನ ಅಂಗಿ ಕಿಸೇದಾಗ ಬ್ಯಾಡ. ರೋಡ್ ಮ್ಯಾಲ ಹೋದ್ರ ಗಡಿಯೊಳಗ ಅಷ್ಟು ಬಿಗಿ ಇರಂಗಿಲ್ಲ ಅಂತ ಹೇಳೋರು ಭಾಳ ಮಂದಿ ಸಿಗತಾರ, ಇರಬಹುದು, ಆದ್ರ ಮುಂದ ಹೋಟೆಲ್‌ದಾಗ, ಸಿಮ್ ಅಂಗಡ್ಯಾಗ, ಮುಕ್ತಿನಾಥದ ಪರ್ಮಿಟ್ ಕೌಂಟರ್‌ನಾಗ ಎಲ್ಲಾ ಕಡೆ ಗುರುತು ಕೇಳೇ ಕೇಳ್ತಾರ.

ಹೆಂಗ ಹೋಗೂದು ಅಂದ್ರ, ಈ ವಯಸ್ಸಿನವ್ರನ್ನ ಕರಕೊಂಡು ವಿಮಾನನ ಚಲೋ. ಹುಬ್ಬಳ್ಳಿಯಿಂದ ಬೆಂಗಳೂರ ಮ್ಯಾಲೋ ದಿಲ್ಲಿ ಮ್ಯಾಲೋ ಕಾಠ್ಮಂಡುಗೆ ಹೋಗ್ಬೇಕು, ದಿಲ್ಲಿಯಿಂದ ಒಂದೂವರಿ ತಾಸಿನ ಹಾದಿ ಅಷ್ಟ, ಹೋಗೂಮುಂದ ಎಡಗಡೆ ಕಿಟಕಿ ಸೀಟ್ ಅಪ್ಪ-ಅವ್ವಗ ಕೊಡ್ಸ್ರಿ, ಮೋಡ ಇಲ್ಲದಿದ್ರ ಹಿಮಾಲಯದ ಸಾಲು ಪೂರಾ ಕಾಣತೈತಿ. ಟ್ರೇನ್ ಅಂದ್ರ ಹುಬ್ಬಳ್ಳಿಯಿಂದ ಬನಾರಸ್‌ಗೆ ವಾರಕ್ಕೊಂದು ಗಾಡಿ ಐತಿ, ಅಲ್ಲಿಂದ ಗೋರಖಪುರ, ಗೋರಖಪುರದಿಂದ ಸುಮಾರು 95 ಕಿಲೋಮೀಟರ್ ಸುನೌಲಿ ಗಡಿ, ಗಡಿ ದಾಟಿದ್ರ ಭೈರಹವಾ, ಬಾಜೂಕ ಲುಂಬಿನಿ, ಅಲ್ಲಿಂದ ಮತ್ತ ದಿನಪೂರ್ತಿ ಘಾಟಿ ರಸ್ತೆ ಹಿಡದು ಪೋಖರಾ, ಮುಕ್ತಿನಾಥಕ್ಕ ಹತ್ತೂದು ಆ ಊರಿನಿಂದ. ಹುಡುಗ್ರ ಗ್ಯಾಂಗ್ ಇದ್ರ ಹಿಂಗ ಹೋಗ್ರಿ, ಮಜಾ ಬರ್ತೈತಿ, ಕಾಶೀನೂ ಆತು. 74 ವರ್ಷದವ್ರ ಸೊಂಟಕ್ಕ ಇದು ಶಿಕ್ಷೆ.

ನೇಪಾಳದ ಒಳಗಿನ ವಿಮಾನದ ಟಿಕೆಟ್ ಬುಕ್ ಮಾಡೂಮುಂದ ಒಂದು ನೆನಪಿಡ್ರಿ, ಅಲ್ಲೆ ನೇಪಾಳಿಗಳಿಗೆ ಒಂದು ರೇಟು, ಭಾರತೀಯರಿಗೆ ಒಂದು, ಉಳಿದ ವಿದೇಶಿಯರಿಗೆ ಡಾಲರ್‌ನಾಗ ಒಂದು. ರಾಷ್ಟ್ರೀಯತೆ ಇಂಡಿಯನ್ ಅಂತ ಆರಿಸದಿದ್ರ ಡಾಲರ್ ರೇಟ್ ಕಟ್ಟಿ ಕೂಡ್ತೀರಿ. ಭಕ್ತಪುರ, ಪಾಟಣ್‌ದ ಹಳೇ ಅರಮನಿ ಚೌಕಕ್ಕ ಹೋಗೂಮುಂದನೂ ಹಂಗ, ಸಾರ್ಕ್ ರೇಟ್ (ಭಾರತದಂಥ ದಕ್ಷಿಣ ಏಷ್ಯಾ ದೇಶದವ್ರ ರೇಟ್) ಅಂತ ಕೇಳಿ ತಗೋರಿ, ಬ್ಯಾರೆ ವಿದೇಶಿಯರಿಗಿಂತ ಭಾಳ ಕಡಿಮಿ ಇರ್ತೈತಿ.

ಈಗ ರೊಕ್ಕ. ಭಾರತದ 100 ರೂಪಾಯಿಗೆ ನೇಪಾಳದ 160, ಈ ದರ 1993ರಿಂದ ಹಂಗ ಐತಿ, ಬದಲಾಗಿಲ್ಲ. ಅದಕ್ಕ ಮನಿ ಚೇಂಜರ್ ಕಡೆ ಭಾಳ ಚೌಕಾಸಿ ಮಾಡೂದೇನಿಲ್ಲ, ಮಾತು ಇರೂದು ನೋಟಿನ ಮ್ಯಾಲ. 2018ರ ಡಿಸೆಂಬರ್‌ನಾಗ ನೇಪಾಳ ಸರ್ಕಾರ 100ಕ್ಕಿಂತ ದೊಡ್ಡ ಭಾರತದ ನೋಟು ಬಂದ್ ಮಾಡಿತ್ತು, ಆಮ್ಯಾಲ ಅದನ್ನ ಸಡಿಲ ಮಾಡೋ ಮಾತು ಎರಡೂ ಕಡೆ ನಡದಾವ, ಆದ್ರ ಮುಕ್ತಿನಾಥದ ಕೆಳಗಿನ ರಾಣಿಪೌವಾ ಊರಾಗ ಚಾ ಮಾರೋ ಅಜ್ಜಿ ಗೆಜೆಟ್ ಓದಿರಂಗಿಲ್ಲರಿ, 500ರ ನೋಟು ಕೊಟ್ರ ಹೊಳ್ಳಿ ಕೊಡ್ತಾಳ. ನೂರರ ನೋಟಿನ ಕಟ್ಟು ಬ್ಯಾಂಕಿನಾಗ ಕೇಳಿ ಇಸ್ಕೊಂಡು ಹೋಗ್ರಿ, ಅದು ಎಲ್ಲಾ ಕಡೆ ನಡಿತೈತಿ. ರೇಟ್ ಕೇಳೂಮುಂದ ಒಂದು ಚಟ ಹಚ್ಕೋರಿ, ಐಸಿ ಏನು ಎನ್‌ಸಿ ಅಂತ ಕೇಳೂದು. ಐಸಿ ಅಂದ್ರ ನಮ್ಮ ರೊಕ್ಕ, ಎನ್‌ಸಿ ಅಂದ್ರ ಅವ್ರದ್ದು. ಟ್ಯಾಕ್ಸಿಯಾಂವ ಎಂಟ್ನೂರು ಅಂದಾಗ ಯಾವ ಎಂಟ್ನೂರು ಅಂತ ಹತ್ತೂಮೊದಲ ಕೇಳಬೇಕು, ಇಳದ ಮ್ಯಾಲ ಕೇಳಿದ್ರ ಯಾವುದು ಹೆಚ್ಚಾಗತೈತೋ ಅದ ಆಗಿರ್ತೈತಿ, ಎನ್‌ಸಿ ಎಂಟ್ನೂರು ಅಂದ್ರ ನಮ್ಮ 500 ಅಷ್ಟ.

ಯುಪಿಐ ನಡಿತೈತಿ. 2024ರಿಂದ ಫೋನ್‌ಪೇ ಅನ್ನೋ ನೇಪಾಳದ ಕ್ಯೂಆರ್ ಜಾಲಕ್ಕ ನಮ್ಮ ಯುಪಿಐ ಜೋಡಿಸ್ಯಾರ, ನಮ್ಮ ಫೋನ್‌ಪೇ ಬ್ಯಾರೆ ಇದು ಬ್ಯಾರೆ, ಹೆಸರು ಅಷ್ಟ ಒಂದ. ನಿಮ್ಮ ಆ್ಯಪ್‌ನಾಗ ಇಂಟರ್‌ನ್ಯಾಷನಲ್ ಯುಪಿಐ ಆನ್ ಮಾಡೋ ಆಪ್ಷನ್ ಇರ್ತೈತಿ, ಅದನ್ನ ಮತ್ತ ಎಟಿಎಂ ಕಾರ್ಡಿನ ವಿದೇಶಿ ಬಳಕೀನ ಮನ್ಯಾಗ ಕುಂತಾಗ ಆನ್ ಮಾಡ್ರಿ. ಅಲ್ಲೆ ಹೋಗಿ ಮಾಡ್ತೀನಿ ಅಂದ್ರ ಓಟಿಪಿ ಬರಬೇಕು, ಓಟಿಪಿ ಬರಬೇಕಂದ್ರ ನಿಮ್ಮ ಸಿಮ್‌ಗೆ ರೋಮಿಂಗ್ ಇರಬೇಕು, ಮಂದಿ ಇಲ್ಲೇ ಗಂಟ ಬೀಳ್ತಾರ, ನೇಪಾಳದ ಸಿಮ್ ಹಾಕ್ಕೋತಾರ, ಭಾರತದ ಸಿಮ್ ತಗದು ಪರ್ಸ್‌ನಾಗ ಇಟ್ಟಿರ್ತಾರ, ಬ್ಯಾಂಕಿನ ಮೆಸೇಜ್ ಎಲ್ಲಿಂದ ಬರಬೇಕು? ಎರಡು ಸಿಮ್ಮಿನ ಫೋನ್ ಇದ್ರ ನಿಮ್ಮದು ಒಳಗ ಇರಲಿ, ರೋಮಿಂಗ್ ಹಚ್ಚಿಸಿ, ಎರಡನೇದ್ರಾಗ ನೇಪಾಳದ ಎನ್‌ಟಿಸಿ ಇಲ್ಲಾ ಎನ್‌ಸೆಲ್ ಕಂಪನಿ ಸಿಮ್ ಹಾಕ್ರಿ, ಗುಡ್ಡದ ಮ್ಯಾಲ ಎನ್‌ಟಿಸಿ ಚಲೋ ಸಿಗತೈತಿ. ಪಾಸ್‌ಪೋರ್ಟ್ ಸೈಜ್ ಫೋಟೊ ಒಂದು ಡಜನ್ ಒಯ್ಯಿರಿ, ಸಿಮ್‌ಗೂ ಬೇಕು ಪರ್ಮಿಟ್‌ಗೂ ಬೇಕು. ಏನಾದ್ರೂ ಗುಡ್ಡದ ಮ್ಯಾಲ ನೆಟ್ ಹೋದ್ರ ಯುಪಿಐನೂ ಹೋತು, ಅದಕ್ಕ ಕಿಸೇದಾಗ ನೋಟು ಇರಬೇಕು.

ಈಗ ನಿಮ್ಮ ಖರೇ ಪ್ರಶ್ನೆ, ಅಪ್ಪನ ಬಿಪಿ. ಪೋಖರಾ ಸಮುದ್ರ ಮಟ್ಟದಿಂದ 800 ಮೀಟರ್ ಚಿಲ್ಲರೆ, ನಮ್ಮ ಹುಬ್ಬಳ್ಳಿ-ಗದಗ ಎತ್ತರಕ್ಕ ಭಾಳ ಫರಕ್ ಇಲ್ಲ. ಮುಕ್ತಿನಾಥದ ಹಾದ್ಯಾಗ ಸಿಗೋ ಜೋಮ್‌ಸೋಮ್ 2,700 ಮೀಟರ್. ಮುಕ್ತಿನಾಥ 3,700 ಮೀಟರ್ ಮ್ಯಾಲ. ಕರ್ನಾಟಕದ ಅತೀ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಅಂದ್ರ ಅದರ ಹತ್ತಹತ್ರ ಎರಡು ಪಟ್ಟು. ಅಲ್ಲೆ ಉಸಿರಿಗೆ ಸಿಗೋ ಆಮ್ಲಜನಕ ಕಡಿಮಿ, ನಡದ್ರ ಎದಿ ಢಬಢಬ ಅಂತೈತಿ, ಅದು ವಯಸ್ಸು ನೋಡಂಗಿಲ್ಲ, ಗಟ್ಟಿಮುಟ್ಟ ಹುಡುಗ್ರೂ ವಾಂತಿ ಮಾಡ್ಕೋತಾರ. ಬಿಪಿ ಗುಳಿಗಿ ಮ್ಯಾಲ ಹದದಾಗ ಇದ್ರ, ಹೃದಯದ್ದು ಬ್ಯಾರೆ ಏನೂ ಇಲ್ಲದಿದ್ರ ಭಾಳ ಮಂದಿ ಹೋಗಿ ಬರ್ತಾರ. ಆದ್ರ ಸ್ಟೆಂಟ್ ಹಾಕಿಸಿ ಇನ್ನೂ ಭಾಳ ದಿವಸ ಆಗಿಲ್ಲ, ಹೃದಯ ವೀಕ್ ಐತಿ, ಅಸ್ತಮಾ ಜೋರ ಐತಿ ಅಂದ್ರ ಪೋಖರಾಕ್ಕ ನಿಲ್ಲಿಸ್ರಿ, ದೇವರು ಸಿಟ್ಟಾಗಂಗಿಲ್ಲ. ಹೊಂಡೂಮೊದಲ ಡಾಕ್ಟರ್ ಕಡೆ ಹೋಗಿ ಯಾತ್ರಾಕ್ಕ ಹೊಂಟೀವಿ ಅಂತ ಅಷ್ಟ ಹೇಳಬ್ಯಾಡ್ರಿ, 3,700 ಮೀಟರ್ ಅಂತ ಅಂಕಿ ಹೇಳ್ರಿ, ಇಸಿಜಿ, ಎಕೋ ಮಾಡಿಸಿ ಅವ್ರು ಹ್ಞೂಂ ಅಂದ್ರ ಹೋಗ್ರಿ. ಎತ್ತರದ ತ್ರಾಸ ಆಗದಂಗ ತಗೊಳ್ಳೋ ಡೈಮಾಕ್ಸ್ ಗುಳಿಗಿ ಬಗ್ಗೆನೂ ಅವ್ರನ್ನ ಕೇಳ್ರಿ, ಸಲ್ಫಾ ಅಲರ್ಜಿ ಇದ್ದವ್ರಿಗೆ ಅದು ಆಗಂಗಿಲ್ಲ, ಸಹಪ್ರಯಾಣಿಕರು ಕೊಟ್ರು ಅಂತ ನುಂಗೂದಲ್ಲ.

ಪ್ಲಾನ್ ಹಿಂಗ ಮಾಡ್ರಿ. ಪೋಖರಾದಾಗ ಎರಡು ರಾತ್ರಿ. ಅಲ್ಲಿಂದ ಜೀಪ್ ಮಾಡ್ಕೊಂಡು ಬೇನಿ, ತಾತೋಪಾನಿ ದಾಟಿ ಸಂಜಿಕ ಮಾರ್ಫಾ ಇಲ್ಲಾ ಜೋಮ್‌ಸೋಮ್‌ದಾಗ ವಸ್ತಿ. ಆ ಒಂದು ರಾತ್ರಿನ ಮೈ ಎತ್ತರಕ್ಕ ಹೊಂದ್ಕೊಳ್ಳೂದು, ಅದನ್ನ ಬಿಡಬ್ಯಾಡ್ರಿ. ಮರುದಿನ ಮುಂಜಾನೆ ಜಲ್ದಿ ಎದ್ದು ಮುಕ್ತಿನಾಥ, ದರ್ಶನ ಮುಗಿಸಿ ಮಧ್ಯಾಹ್ನದೊಳಗ ಕೆಳಗ ಇಳೀರಿ, ಮ್ಯಾಲ ರಾತ್ರಿ ಉಳಿಯೂದು ಬ್ಯಾಡ. ವಿಮಾನದಾಗ ಪೋಖರಾದಿಂದ ಜೋಮ್‌ಸೋಮ್ 20 ನಿಮಿಷ, ಖರೇ, ಆದ್ರ ಮುಂಜಾನೆ ಅಷ್ಟ ಹಾರ್ತಾವ, ಹನ್ನೊಂದರ ಸುಮಾರಿಗೆ ಕಾಲಿಗಂಡಕಿ ಕಣಿವಿಯೊಳಗ ಗಾಳಿ ಎದ್ದಿತಂದ್ರ ಬಂದ್, ಮೋಡ ಇದ್ರ ಅದೂ ಇಲ್ಲ. 2022ರ ಮೇ ತಿಂಗಳದಾಗ ಇದ ದಾರಿ ಮ್ಯಾಲ ಸಣ್ಣ ವಿಮಾನ ಬಿದ್ದು 22 ಮಂದಿ ಸತ್ರು. ಹೆದರಸಾಕ ಹೇಳಾಕತ್ತಿಲ್ಲ, ವಿಮಾನ ಕ್ಯಾನ್ಸಲ್ ಆದಾಗ ಏಜೆಂಟನ ಜೋಡಿ ಜಗಳಾ ತಗೀಬ್ಯಾಡ್ರಿ ಅಂತ ಹೇಳಾಕತ್ತೀನಿ. ನಿಮ್ಮ ವಾಪಸ್ ಟಿಕೆಟ್‌ಗಿಂತ ಮೊದಲ ಒಂದು ದಿನ ಖಾಲಿ ಇಡ್ರಿ, ಇದು ಜೀಪಿನಾಗ ಹೋದ್ರೂ ಅಷ್ಟ ಖರೆ, ಆ ರಸ್ತೆ ಮ್ಯಾಲ ಗುಡ್ಡ ಯಾವಾಗ ಕುಸಿತೈತಿ ಹೇಳಾಕ ಬರಂಗಿಲ್ಲ.

ಜೀಪು ನಿಲ್ಲೂದು ರಾಣಿಪೌವಾ ಅನ್ನೋ ಊರಾಗ, ಅಲ್ಲಿಂದ ಗುಡಿಗೆ ಏರು ಹಾದಿ, ನಮಗ ಅರ್ಧಾ ತಾಸು, ಅಪ್ಪಗ ಕುಂತು ನಿಂತು ಹೋದ್ರ ಒಂದು ತಾಸು. ಕುದುರಿ ಸಿಗತಾವ, ಬೈಕ್ ಮ್ಯಾಲ ಕೂಡಿಸ್ಕೊಂಡು ಒಯ್ಯೋ ಹುಡುಗ್ರೂ ಇರ್ತಾರ, ಕಡೀಕ ಮೆಟ್ಟಲ ಅಂತೂ ಹತ್ತಬೇಕು. ಗುಡಿ ಹಿಂದ ಅರ್ಧ ಚಂದ್ರನಂಗ ಗ್ವಾಡಿ, ಅದ್ರಾಗ ಸಾಲಕ 108 ಹಿತ್ತಾಳಿ ಬಾಯಿ, ಅದ್ರಿಂದ ಹಿಮ ಕರಗಿದ ನೀರು ಸುರೀತಿರ್ತೈತಿ. ಮಂದಿ ಬರೇ ಮೈಯಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡ್ತಾರ, ಮೂರನೇ ಧಾರಿಗೆ ತಲಿ ಜುಮ್ ಅಂತೈತಿ, ಹತ್ತನೇದಕ್ಕ ಕೈಬೆರಳು ಎಲ್ಲಿ ಅದಾವ ಅನ್ನೂದ ಗೊತ್ತಾಗಂಗಿಲ್ಲ. ಬಿಪಿ ಇದ್ದವ್ರಿಗೆ ಇದು ಬ್ಯಾಡ ಬ್ಯಾಡ. ಬಾಟ್ಲ್ಯಾಗ ಹಿಡದು ತಲಿಗೆ ಪ್ರೋಕ್ಷಣೆ ಮಾಡ್ಸ್ರಿ, ಮೊಮ್ಮಗ ಓಡ್ಲಿ ಅಜ್ಜನ ಪರವಾಗಿ. ಅದ ಜಾಗಾದಾಗ ಜ್ವಾಲಾಮಾಯಿ ಗುಡಿ ಐತಿ, ಕಲ್ಲಿನ ಸಂದಿಯೊಳಗ ನೈಸರ್ಗಿಕ ಗ್ಯಾಸ್‌ನಿಂದ ಸಣ್ಣ ದೀಪ ಉರೀತಿರ್ತೈತಿ, ಬಗ್ಗಿ ನೋಡಬೇಕು, ಭಾಳ ಮಂದಿ ನೋಡದ ಬರ್ತಾರ. ವೈಷ್ಣವರ 108 ದಿವ್ಯದೇಶದಾಗ ಒಂದು ಇದು, ಬೌದ್ಧರಿಗೂ ಪವಿತ್ರ, ಪೂಜಾದಾಗ ಬೌದ್ಧ ಸನ್ಯಾಸಿನಿಯರೂ ಇರ್ತಾರ.

ಮ್ಯಾಲ ಹೋದಾಗ ತಲಿನೋವು, ಹೊಟ್ಟಿ ತೊಳಿಸಿದಂಗ ಆದ್ರ ಕೂಡ್ರಿಸಿ ನೀರು ಕುಡಿಸ್ರಿ. ತೂರಾಡಾಕ ಹತ್ತಿದ್ರು, ಸುಮ್ನ ಕುಂತಾಗನೂ ಉಸಿರು ಸಾಲದಂಗ ಆತು, ಮಾತು ತಪ್ಪತು ಅಂದ್ರ ಆಗಿಂದಾಗ ಕೆಳಗ ಇಳಸಬೇಕು, ಆಕ್ಸಿಜನ್ ಡಬ್ಬಿ ಮೂಗಿಗೆ ಹಿಡದು ದರ್ಶನ ಮುಗಿಸೋಣ ಅನ್ನೂದು ಹುಚ್ಚತನ. ನೇಪಾಳದಾಗ ಆಯುಷ್ಮಾನ್ ಕಾರ್ಡ್ ನಡಿಯಂಗಿಲ್ಲ, ನಿಮ್ಮ ಇಲ್ಲಿನ ಹೆಲ್ತ್ ಇನ್ಶೂರೆನ್ಸೂ ಬಹಳಷ್ಟು ಹೊರದೇಶಕ್ಕ ಹತ್ತಂಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಬ್ಯಾರೆ ಮಾಡ್ಸ್ರಿ, ಅದ್ರಾಗ ಹೆಲಿಕಾಪ್ಟರ್ ರೆಸ್ಕ್ಯೂ ಐತೋ ಇಲ್ಲೋ, ಎಷ್ಟು ಮೀಟರ್ ಎತ್ತರದ ತನಕ ಐತಿ, ಬಿಪಿ ಇರೂದನ್ನ ಬರಸೀರೋ ಇಲ್ಲೋ, ಮೂರೂ ಓದಿ ಸಹಿ ಮಾಡ್ರಿ. ಗುಳಿಗಿ ಹೆಚ್ಚಿಗಿ ಒಯ್ಯಿರಿ, ಡಾಕ್ಟರ್ ಚೀಟಿ ಜೋಡಿ. ಪರ್ಮಿಟ್ ಅಂದೆ ಅಲ್ಲ, ಮುಕ್ತಿನಾಥ ಅನ್ನಪೂರ್ಣ ಸಂರಕ್ಷಿತ ಪ್ರದೇಶದಾಗ ಬರ್ತೈತಿ, ಸಾರ್ಕ್ ದೇಶದವ್ರಿಗೆ ತಲಿಗೆ ಸಾವಿರ ನೇಪಾಳಿ ರೂಪಾಯಿ ಆಸುಪಾಸು, ಪೋಖರಾದಾಗ ಮಾಡಸ್ಕೊಂಡು ಹೋಗ್ರಿ.

ಕಾಠ್ಮಂಡು ಸರಳ. ಪಶುಪತಿನಾಥದಾಗ ಪೂಜಾ ಮಾಡೋ ಭಟ್ಟರು ಪರಂಪರೆಯಿಂದ ನಮ್ಮ ಕರ್ನಾಟಕದವ್ರು, ಇದು ಹೇಳಿದ್ರ ನಮ್ಮ ಹಿರ್ಯಾರ ಮುಖ ಅರಳತೈತಿ. ಮುಂಜಾನೆ ನಸುಕಿನಾಗ ಹೋಗ್ರಿ, ಚರ್ಮದ ಬೆಲ್ಟು ಪರ್ಸು ಹೊರಗ, ಒಳಗ ಫೋಟೊ ಇಲ್ಲ. ಹಿಂದ ಬಾಗ್ಮತಿ ದಂಡಿಗೆ ಆರ್ಯಘಾಟ್, ಹೆಣ ಸುಡ್ತಿರ್ತಾರ, ಹುಡುಗ್ರಿಗೆ ಮೊದ್ಲ ಹೇಳಿ ಕರಕೊಂಡು ಹೋಗ್ರಿ, ಮೊಬೈಲ್ ಎತ್ತಿ ಶೂಟಿಂಗ್ ಮಾಡಬ್ಯಾಡ್ರಿ. ಭಕ್ತಪುರದ ಕಡೆ ಹೋದ್ರ ಡೋಲೇಶ್ವರ ಮಹಾದೇವ ನೋಡ್ರಿ, ಕೇದಾರನಾಥದ ಶಿರೋಭಾಗ ಇದ ಅಂತ ಕೇದಾರ ಪೀಠದ ವೀರಶೈವ ಜಗದ್ಗುರುಗಳು 2009ರಾಗ ಅಲ್ಲಿಗೆ ಬಂದು ಸಾರಿದ್ರು. ಪ್ಯಾಕೇಜ್ ಟೂರಿನವ್ರು ಇದನ್ನ ಬಿಡ್ತಾರ, ನೀವು ಕೇಳಿ ಸೇರಿಸ್ಕೋರಿ. ಕಾಠ್ಮಂಡು-ಪೋಖರಾ ಹಾದ್ಯಾಗ ಮನಕಾಮನಾ ಗುಡಿ ರೋಪ್‌ವೇ ಐತಿ, ಚಲೋ ಐತಿ, ಆದ್ರ ಅಲ್ಲೆ ಆಡು ಬಲಿ ಕೊಡ್ತಾರ, ಕೇಬಲ್ ಕಾರಿನಾಗ ಆಡಿಗೂ ಟಿಕೆಟ್ ಇರ್ತೈತಿ. ನಿಮ್ಮ ಮನ್ಯಾಗ ನೋಡಾಕ ಆಗೂದಿಲ್ಲ ಅನ್ನೋರು ಇದ್ರ ಮುಂದ ನಡೀರಿ.

ಊಟದ್ದು ಚಿಂತಿ ಇಲ್ಲ, ದಾಲ್-ಭಾತ್-ತರಕಾರಿ ಎಲ್ಲಾ ಕಡೆ, ಮುಗದ್ರ ಮತ್ತ ಹಾಕ್ತಾರ. ಮೋಮೋ ತಿನ್ನೋ ಹುಡುಗ್ರಿಗೆ ಹೇಳಿಡ್ರಿ, ಮೆನುದಾಗ ಬಫ್ ಅಂತ ಇದ್ರ ಅದು ಎಮ್ಮಿ-ಕೋಣದ ಮಾಂಸ, ಮತ್ತ ವೆಜ್ ಮೋಮೋನೂ ಅದ ಪಾತ್ರೆದಾಗ ಬೇಸಿರಬಹುದು, ಅದಕ್ಕ ಅಪ್ಪ-ಅವ್ವಗ ಶುದ್ಧ ಶಾಕಾಹಾರಿ ಬೋರ್ಡ್ ಇದ್ದಲ್ಲೆ ಹೋಗ್ರಿ, ಮಾರ್ವಾಡಿ ಭೋಜನಾಲಯ ಕಾಠ್ಮಂಡುದಾಗ ಸಿಗತಾವ. ಗುಡ್ಡದ ಮ್ಯಾಲ ನಾಲಿಗೆ ಕೆಟ್ಟಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳ ಚಟ್ನಿನ ಗತಿ, ಕಟ್ಟಿಸ್ಕೊಂಡು ಹೋಗ್ರಿ. ಅವ್ವಗ ಇಳಕಲ್ ಸೀರಿ ಮ್ಯಾಲ ಒಂದು ಶಾಲು ಸಾಕು ಅನಸ್ತೈತಿ, ಸಾಕಾಗಂಗಿಲ್ಲ. ಒಳಗ ಥರ್ಮಲ್, ಕಿವಿ ಮುಚ್ಚೋ ಟೊಪಗಿ, ಕಾಲಿಗೆ ಚಪ್ಪಲ್ ಬಿಟ್ಟು ಹಿಡಿತ ಇರೋ ಬೂಟು.

ಕಡೀದು ದಸರಾ. ಅಲ್ಲೂ ಅವಾಗ ದಶೈಂ, ಅವ್ರಿಗೆ ವರ್ಷದ ದೊಡ್ಡ ಹಬ್ಬ, ಕಾಠ್ಮಂಡುದಾಗ ಇರೋರೆಲ್ಲಾ ಊರಿಗೆ ಹೊಂಡ್ತಾರ, ಬಸ್ಸು, ಜೀಪು, ವಿಮಾನ ಎಲ್ಲಾ ಫುಲ್, ಆಫೀಸು, ಅಂಗಡಿ ಬಂದ್, ಬಲಿನೂ ಅವಾಗ ಜೋರು. ಮಳಿನೂ ಪೂರಾ ಹೋಗಿರಂಗಿಲ್ಲ. ಹಬ್ಬ ಮುಗದ ಮ್ಯಾಲ ನವೆಂಬರ್‌ತನಕ ಹವಾ ಫಸ್ಟ್ ಕ್ಲಾಸ್ ಇರ್ತೈತಿ, ಆದ್ರ ನಿಮ್ಮ ಹುಡುಗ್ರಿಗೆ ಶಾಲಿ. ನಿಮಗ ಹೊಂದೂದು ಏಪ್ರಿಲ್. ಮಗಳ ಪಿಯು ಪರೀಕ್ಷೆನೂ ಮುಗದಿರ್ತೈತಿ, ಮಗನ ಬ್ಯಾಸಗಿ ಸೂಟಿನೂ ಬಿದ್ದಿರ್ತೈತಿ, ಮ್ಯಾಲಿನ ಥಂಡಿನೂ ತಡಕೋಳೂವಷ್ಟ ಇರ್ತೈತಿ, ಪಾಸ್‌ಪೋರ್ಟಿಗೂ ಡಾಕ್ಟರ್‌ಗೂ ಟೈಮ್ ಸಿಗತೈತಿ. ದಿನ ಹಾಕೂಮುಂದ ಅಲ್ಲಿ ವಾರದ ಸೂಟಿ ಶನಿವಾರ ಅನ್ನೂದು ನೋಡ್ಕೋರಿ, ಅವತ್ತ ಗುಡಿಯೊಳಗ ಗದ್ದಲ. ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದ, ಮುಂಜಾನೆ ವಿಮಾನಕ್ಕ ಅದ ದೊಡ್ಡ ಮಾತು. ಇನ್ನ ಬಸ್ ಚೀಟಿ ಮ್ಯಾಲ ಇಸವಿ 2080ರ ಮ್ಯಾಲ ಇದ್ರ ಗಾಬರಿ ಆಗಬ್ಯಾಡ್ರಿ, ಅವ್ರದ್ದು ವಿಕ್ರಮ ಸಂವತ್, ನಮ್ಮ ಕ್ಯಾಲೆಂಡರ್‌ಗಿಂತ 57 ವರ್ಷದಷ್ಟು ಮುಂದ ಓಡ್ತೈತಿ. ತಿಂಗಳು, ತಾರೀಖು ಎರಡೂ ಅದ್ರ ಪ್ರಕಾರ ಬರದಿರ್ತಾರ, ಚೀಟಿ ಕೈಯಾಗ ಬಂದಾಗ ನಮ್ಮ ತಾರೀಖು ಯಾವುದು ಅಂತ ಕೇಳಿ ಬಾಜೂಕ ಪೆನ್ನಿಲೆ ಬರಸ್ಕೋರಿ.